ಸೂಜಿ ಮಾಡಿಸಿಕೊಂಡ ಮೇಲಿನ ಅರ್ಧ ತಾಸು

ನಾನು ಇಳಕಲ್ಲಿನಲ್ಲಿ ಸೀರೆ ನೇಯುತ್ತಿದ್ದ ಎಪ್ಪತ್ತರ ದಶಕದ ಮಾತು. ಹೆಂಡತಿ ತೀರಿಕೊಂಡ ವರ್ಷವೇ ಮಗ್ಗ ತುಳಿಯುವ ಕಾಲಿಗೆ ಗಾಯವಾಗಿ ಕೀವು ತುಂಬಿತು. ಹುನಗುಂದದ ದವಾಖಾನೆಗೆ ಹೋದೆ.

“ಜೋಡಿ ಯಾರ್ ಬಂದಾರ್ರಿ?” ಎಂದರು ನರ್ಸಬಾಯಿ.

“ಸೂಜಿ ನನಗ ಮಾಡೋದಲ್ಲೇನ್ರಿ? ಮಂದಿ ಯಾಕ ಬೇಕು?” ಎಂದು ಸಿಡುಕಿದೆ.

ಪೆನಿಸಿಲಿನ್ ಕೆಲವರಿಗೆ ಒಗ್ಗುವುದಿಲ್ಲ, ಉಸಿರು ಕಟ್ಟುತ್ತದೆ, ಅದಕ್ಕೇ ಯಾರಾದರೂ ನೋಡುತ್ತಿರಬೇಕು ಎಂದರು. ಮೊದಲು ಮುಂಗೈಗೆ ಒಂದು ಹನಿ ಚುಚ್ಚಿ, ಸುತ್ತ ಪೆನ್ನಿನಿಂದ ಗೆರೆ ಎಳೆದು ಕಾದರು. ಅಲ್ಲಿ ಕೆಂಪಾಗಲಿಲ್ಲ, ಬಾವೂ ಬರಲಿಲ್ಲ. ಆಮೇಲೆ ಪೂರ್ತಿ ಸೂಜಿ ಮಾಡಿ, “ಅರ್ಧ ತಾಸು ನನ್ನ ಕಣ್ಮುಂದ ಕೂಡ್ರಿ” ಎಂದರು.

ಬೇರೆಯವರಿಗೆ ಪಟ್ಟಿ ಕಟ್ಟುತ್ತಲೇ ಮತ್ತೆ ಮತ್ತೆ ತಿರುಗಿ ಕೇಳಿದರು: “ಉಸಿರಾಡಾಕ ತ್ರಾಸ ಆಗ್ತೈತೇನ್ರಿ? ಮೈ ತುರಸ್ತೈತೇನ್ರಿ?”

“ಇಲ್ರೀ” ಎನ್ನುತ್ತ ಕೂತೆ. ಇನ್ನು ಹೋಗಬಹುದು ಎಂದ ಮೇಲೂ ಎದುರಿಗೇ ಬಂದ ಬಸ್ಸು ಬಿಟ್ಟು ಅಲ್ಲೇ ಕೂತಿದ್ದೆ.

ಮನೆಗೆ ಬಂದರೆ, ಹೆಂಡತಿ ನನ್ನ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುತ್ತಿದ್ದ ರಾಟಿ ಮೂಲೆಯಲ್ಲಿ ಸುಮ್ಮನೆ ನಿಂತಿತ್ತು. ಅದರ ಮುಂದೆ ಕೂತು, “ಉಸಿರಾಡಾಕ ತ್ರಾಸ ಆಗ್ತೈತೇನ್ರಿ?” ಎಂದು ನನ್ನನ್ನು ನಾನೇ ಕೇಳಿಕೊಂಡೆ.

“ಹೂನ್ರಿ” ಎಂದೆ.