ಸಾಹೇಬರು ಬರುವ ದಿನ ಮಗಳಿಗೆ ಸೂಟಿ

ಬೋನಾಳ ಕೆರೆಯ ಆಚೆಗಿರುವ ನಮ್ಮ ಊರಿನ ಹೊಲಗಳಿಗೆ ಕಾಲುವೆ ನೀರು ಬಂದ ಮರುವರ್ಷದ ಮಾತಿದು. ಅಲ್ಲಿಯವರೆಗೆ ಜೋಳ, ತೊಗರಿ ಬಿಟ್ಟು ಬೇರೆ ಬೆಳೆ ಗೊತ್ತಿರದ ನಾವು ಹೆಂಗಸರೆಲ್ಲ ಕೆಸರಿನಲ್ಲಿ ಬಗ್ಗಿ ಭತ್ತದ ಸಸಿ ಹಚ್ಚುವುದನ್ನು ಕಲಿತಿದ್ದೆವು. ನನ್ನ ಮಗಳು ರೇಣುಕಾ ಆಗ ಮೂರನೆಯ ತರಗತಿಯಲ್ಲಿದ್ದಳು.

ಅವಳಿಗೆ ಓದು ಬೇಗ ಹತ್ತಲಿಲ್ಲ. ಬಾಯಿಲೆಕ್ಕದಲ್ಲಿ ಚುರುಕು, ಆದರೆ ಪುಸ್ತಕ ತೆರೆದರೆ ಬಾಯಿ ಕಟ್ಟಿದಂತಾಗುತ್ತಿತ್ತು. ನಾನು ಓದಿದ್ದು ಐದನೆಯ ತರಗತಿಯವರೆಗೆ. ಮೂರನೆಯದನ್ನು ಹೇಳಿಕೊಡಲು ಅಷ್ಟು ಸಾಲದೇನು? ದಿನಾ ಬೆಳಿಗ್ಗೆ ರೊಟ್ಟಿ ಬಡಿಯುವಾಗ ಒಲೆಯ ಮುಂದೆ ಕೂಡಿಸಿಕೊಂಡು ಓದಿಸುತ್ತಿದ್ದೆ. ತಡವರಿಸಿದರೆ, "ನಿನ್ನ ಕಡಿ ಲಕ್ಷ್ಯ ಕೊಟ್ಟು ರೊಟ್ಟಿ ಹೊತ್ತಿದ್ರ ಅದನ್ನ ನೀನಾ ತಿನ್ನಬೇಕು ನೋಡು" ಎಂದು ಕಾಡಿಸುತ್ತಿದ್ದೆ. ಅವಳು ನಗುತ್ತ ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದಳು. ಸಂಕ್ರಾಂತಿ ಹೊತ್ತಿಗೆ, ನಿಧಾನವಾಗಿಯಾದರೂ, ಅರ್ಧ ಪುಟ ಓದುವಂತಾಗಿದ್ದಳು. ಶಾಲೆಯಲ್ಲಿ ಮಾತ್ರ ಯಾರೂ ಅವಳನ್ನು ಎಬ್ಬಿಸಿ ಓದಿಸಿರಲಿಲ್ಲ.

ಎರಡನೆಯ ಬೆಳೆಯ ನಾಟಿ ನಡೆದಿತ್ತು. ಒಂದು ಸಂಜೆ ರೇಣುಕಾ ಪಾಟೀಚೀಲ ಮೂಲೆಗೆಸೆದು, "ಯವ್ವಾ, ನಾಳಿ ನಮಗ ಸೂಟಿ!" ಎಂದು ಕುಣಿಯುತ್ತ ಬಂದಳು.

"ಯಾತರ ಸೂಟಿ?"

"ಸಾಲಿ ನೋಡಾಕ ಸಾಹೇಬ್ರು ಬರ್ತಾರಂತ. ಓದಾಕ ಬರಲಾರದವ್ರು ಬರಬ್ಯಾಡ್ರಿ ಅಂತ ಹೆಡ್ ಮಾಸ್ತರು ಹೇಳ್ಯಾರ. ನನಗ, ಬಾಜೂ ಮನಿ ಯಲ್ಲಮ್ಮಗ, ಇನ್ನೂ ಭಾಳ ಮಂದಿಗಿ ಸೂಟಿ."

ನನಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿಯಿತು. ತನಗೆ ಅವಮಾನವಾಗಿದೆ ಎಂಬುದೂ ಆ ಕೂಸಿಗೆ ತಿಳಿದಿರಲಿಲ್ಲ. ಹಬ್ಬದ ರಜೆ ಸಿಕ್ಕಷ್ಟೇ ಖುಷಿಯಲ್ಲಿದ್ದಳು.

ಮರುದಿನ ಕೂಲಿಗೆ ಹೋಗಲಿಲ್ಲ. ಮಗಳ ತಲೆ ಬಾಚಿ, ಒಗೆದ ಅಂಗಿ ಹಾಕಿ ಶಾಲೆಗೆ ಕರೆದುಕೊಂಡು ಹೋದೆ. ಹೆಡ್ ಮಾಸ್ತರು ಬಾಗಿಲಲ್ಲಿ ನಿಂತು ದೊಡ್ಡ ಹುಡುಗಿಯರಿಂದ ರಂಗೋಲಿ ಹಾಕಿಸುತ್ತಿದ್ದರು. ನಮ್ಮನ್ನು ನೋಡಿದ್ದೇ ಮುಖ ಸಪ್ಪೆಯಾಯಿತು.

"ಯಮ್ಮಾ, ಒಂದ ದಿನದ ಮಾತದ. ಸಾಹೇಬ್ರು ಈಕಿನ್ನ ಎಬ್ಬಿಸಿ ಓದು ಅಂದ್ರ ಸಾಲಿ ಮರ್ಯಾದಿ ಏನಾಗಬೇಕು?"

"ದೊಡ್ಡ ಡಾಕ್ಟರು ಬರ್ತಾರಂತ ದವಾಖಾನ್ಯಾಗಿನ ಬ್ಯಾನಿ ಮಂದೀನ ಮನಿಗಿ ಕಳಸ್ತಾರೇನ್ರಿ ಸರ? ಓದಾಕ ಬರಲ್ಲಂತೇ ಸಾಲಿಗಿ ಹಚ್ಚೀವಿ."

ಅವರು ಗೊಣಗುತ್ತ ರೇಣುಕಾಳನ್ನು ಕಟ್ಟಕಡೆಯ ಸಾಲಿನಲ್ಲಿ ಕೂಡಿಸಿದರು. ನಾನು ಮನೆಗೆ ಹೋಗದೆ ಕಿಟಕಿಯ ಹೊರಗೆ ಕುಳಿತೆ.

ಊಟದ ಹೊತ್ತಿಗೆ ಜೀಪು ಬಂತು. ಸಾಹೇಬರು ಚಹಾ ಕುಡಿದು ಮೂರನೆಯ ತರಗತಿಗೆ ಬಂದರು. ಅರ್ಧಕ್ಕರ್ಧ ಖಾಲಿ ಇದ್ದ ಕೋಣೆ ನೋಡಿ, "ಇಷ್ಟ್ಯಾಕ ಕಡಿಮಿ ಅದಾರ ಹುಡುಗ್ರು?" ಎಂದು ಕೇಳಿದರು.

ಹೆಡ್ ಮಾಸ್ತರು ತಡಮಾಡದೆ ಹೇಳಿದರು: "ನೆಲ್ಲು ಹಚ್ಚೋ ಟೈಮ್ ಅದರಿ ಸರ. ತಾಯಿ-ತಂದೀನೇ ಕಳಸಲ್ರಿ. ಈ ಮಂದೀಗಿ ಓದಿನ ಖಬರ್ ಇಲ್ರಿ."

ನಾನು ಹೇಗೆ ಒಳಗೆ ಹೋದೆನೋ ನನಗೇ ಗೊತ್ತಿಲ್ಲ. "ಸುಳ್ಳ್ರಿ ಸಾಹೇಬ್ರ! ನಿನ್ನಿ ಇವರಾ ಬರಬ್ಯಾಡ್ರಿ ಅಂದಾರ. ನನ್ನ ಮಗಳು ಅಲ್ಲಿ ಹಿಂದ ಕುಂತಾಳ, ಓದಸಿ ನೋಡ್ರಿ" ಎಂದೆ.

ಸಾಹೇಬರು ಮುಜುಗರದಿಂದ ಕೆಮ್ಮಿ, "ಓದವ್ವಾ" ಎಂದರು. ರೇಣುಕಾ ಎದ್ದು ನಿಂತಳು. ಮೊದಲ ಸಾಲು ಸರಿಯಾಗಿಯೇ ಓದಿದಳು. ಎರಡನೆಯದರಲ್ಲಿ ಒಂದು ಒತ್ತಕ್ಷರಕ್ಕೆ ತಡವರಿಸಿ, ನನ್ನ ಕಡೆ ನೋಡಿ, ಮತ್ತೆ ಮೊದಲಿನಿಂದ ಹಿಡಿದಳು. ಅಷ್ಟರಲ್ಲಿ ಸಾಹೇಬರು ಗಡಿಯಾರ ನೋಡಿಕೊಂಡು, "ಶಾಬಾಷ್, ಸಾಕು ಕೂಡು. ನಡೀರಿ, ಇನ್ನೂ ಎರಡು ಸಾಲಿ ನೋಡೋದದ" ಎಂದು ಹೊರಟೇಬಿಟ್ಟರು. ಬರಬೇಡಿ ಎಂದು ಮಕ್ಕಳನ್ನು ಮನೆಗೆ ಅಟ್ಟಿದ್ದು ಯಾಕೆ ಎಂದು ಅವರು ಒಂದು ಮಾತು ಕೇಳಲಿಲ್ಲ.

ರೇಣುಕಾ ಕೂಡಲಿಲ್ಲ. "ಇನ್ನೂ ಐತ್ರಿ" ಎಂದಳು. ಹೊರಗೆ ಜೀಪಿನ ಸದ್ದಾಗುತ್ತಿದ್ದರೂ ಆ ಅರ್ಧ ಪುಟವನ್ನು ಮುಗಿಸಿಯೇ ಪುಸ್ತಕ ಮುಚ್ಚಿದಳು. ನಾನು ಅಲ್ಲೇ ನಿಂತು ಕೇಳಿದೆ. ಹೆಮ್ಮೆ ಎಷ್ಟಿತ್ತೋ ಸಿಟ್ಟೂ ಅಷ್ಟೇ ಇತ್ತು.

ಮರುದಿನ ಹೆಡ್ ಮಾಸ್ತರು ತಾವೇ ಓಣಿಗೆ ಬಂದು ಮಕ್ಕಳನ್ನು ಕರೆದರು. ಒಬ್ಬೊಬ್ಬರಾಗಿ ಹೋದರು. ಬಾಜೂ ಮನೆಯ ಯಲ್ಲಮ್ಮ ಮಾತ್ರ ಹೋಗಲಿಲ್ಲ. ಅವಳವ್ವ ಬಾಗಿಲಲ್ಲಿ ನಿಂತು ಹೇಳಿದಳು: "ಓದಾಕ ಬರಲಾರದವ್ರು ಬರಬ್ಯಾಡ್ರಿ ಅಂದ್ರೆಲ್ರಿ ಸರ? ಅಕಿಗಿ ಓದಾಕ ಬರಲ್ಲ. ನೆಲ್ಲು ಹಚ್ಚಾಕ ಬರ್ತೈತಿ, ಹೋಗ್ಯಾಳ."

ಯಲ್ಲಮ್ಮ ಮತ್ತೆಂದೂ ಶಾಲೆಯ ಮೆಟ್ಟಿಲು ಹತ್ತಲಿಲ್ಲ. ನನ್ನ ಮಗಳು ಹತ್ತನೆಯದು ಮುಗಿಸಿದಳು. ಈಗ ತನ್ನ ಮಕ್ಕಳಿಗೆ ತಾನೇ ಓದು ಹೇಳಿಕೊಡುತ್ತಾಳೆ. ಇಷ್ಟು ವರ್ಷವಾದರೂ "ಹಳ್ಳಿಯ ತಂದೆ-ತಾಯಿಗೆ ಮಕ್ಕಳ ಓದಿನ ಕಾಳಜಿಯೇ ಇಲ್ಲ" ಎಂದು ಯಾರಾದರೂ ಅಂದರೆ ನನಗೆ ತಡೆಯಲಾಗುವುದಿಲ್ಲ. ಅಂಥವರಿಗೆ ಒಂದೇ ಮಾತು ಕೇಳುತ್ತೇನೆ: ನಾವು ಕಳಿಸಿದ ಮಕ್ಕಳನ್ನು ನೀವು ಒಳಗೆ ಬಿಟ್ಟುಕೊಂಡಿರೇನು?