ಅವ್ವನ ಸೀರೆಯ ಗಂಟು

ತಂಗಿಯ ಕೂಸನ್ನು ಎರಡು ತಾಸು ನನ್ನ ಎದೆಗೆ ಕಟ್ಟಿಕೊಂಡಿರಬೇಕಾಗಿತ್ತು. ನಾನು ಹಾಗೆ ಇರಲಿಲ್ಲ. ಅಷ್ಟೇ ಆಗಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ಅದನ್ನು ಮುಚ್ಚಿಡಲು ಆಮೇಲೆ ಮಾಡಿದ ಕೆಲಸವನ್ನು ಐದು ವರ್ಷ ಯಾರಿಗೂ ಹೇಳದೆ ಇಟ್ಟುಕೊಂಡಿದ್ದೆ.

ಐದು ವರ್ಷದ ಹಿಂದಿನ ಚಳಿಗಾಲ ಅದು. ನಮ್ಮ ಮನೆ ಇಚಲಕರಂಜಿಯಲ್ಲಿ, ಮಗ್ಗಗಳ ಸದ್ದು ನಿಲ್ಲದ ಓಣಿಯಲ್ಲಿ. ನಾನು ಐದನೆಯ ಇಯತ್ತೆಯವರೆಗೆ ಕಲಿತವಳು. ಓದು ಕಡಿಮೆ, ಸಂಶಯ ಜಾಸ್ತಿ. ಹಾಲಿನವನು ನೀರು ಬೆರೆಸುತ್ತಾನೆ, ಡಾಕ್ಟರು ಬೇಡದ ಗುಳಿಗೆ ಕೊಡುತ್ತಾನೆ, ಪಕ್ಕದ ಮನೆಯವಳು ನಕ್ಕರೆ ನನ್ನನ್ನೇ ನೋಡಿ ನಕ್ಕಳು ಎಂದುಕೊಳ್ಳುವ ಸ್ವಭಾವ ನನ್ನದು.

ತಂಗಿ ಸವಿತಾಳನ್ನು ಗಡಹಿಂಗ್ಲಜಕ್ಕೆ ಕೊಟ್ಟಿದ್ದೆವು. ಅವ್ವ ತೀರಿಕೊಂಡಿದ್ದರಿಂದ ಅವಳ ಬಾಣಂತನ ನನ್ನ ಮನೆಯಲ್ಲೇ ಆಗಬೇಕಿತ್ತು. ದಿನ ತುಂಬುವ ಮೊದಲೇ ಕೊಲ್ಹಾಪುರದ ದವಾಖಾನೆಯಲ್ಲಿ ಹೆಣ್ಣು ಕೂಸು ಹುಟ್ಟಿತು. ಬೆಕ್ಕಿನ ಮರಿಯಷ್ಟೇ ಇತ್ತು. ಕೆಲವು ವಾರ ಗಾಜಿನ ಪೆಟ್ಟಿಗೆಯಲ್ಲಿಟ್ಟು, ನಂತರ ಮನೆಗೆ ಕಳಿಸುವಾಗ ಒಬ್ಬ ನರ್ಸ್ ಕೂಸನ್ನು ಸವಿತಾಳ ಬರಿ ಎದೆಗೆ ಒರಗಿಸಿ, ಮೇಲೆ ಬಟ್ಟೆ ಸುತ್ತಿ ಕಟ್ಟಿ ತೋರಿಸಿದಳು. ಹಗಲೆಲ್ಲ ಹೀಗೇ ಇರಬೇಕು, ತಾಯಿಗೆ ದಣಿವಾದರೆ ಅಕ್ಕ ಕಟ್ಟಿಕೊಳ್ಳಬೇಕು ಎಂದಳು. ಆ ಹುಡುಗಿ ದೂರದ ಯಾವುದೋ ಗುಡ್ಡದ ರಾಜ್ಯದವಳು. ತಡವರಿಸುವ ಮರಾಠಿಯಲ್ಲಿ, "ಆಮಚ್ಯಾ ಗಾವಾತ ಸಗಳ್ಯಾ ಆಯಾ ಬಾಂಧತಾತ" ಎಂದು ನಕ್ಕಳು. ಅವರೂರಲ್ಲಿ ತಾಯಂದಿರೆಲ್ಲ ಕೂಸನ್ನು ಬೆನ್ನಿಗೆ ಕಟ್ಟಿಕೊಂಡೇ ಹೊಲಕ್ಕೆ ಹೋಗುತ್ತಾರಂತೆ. ಕಟ್ಟುವ ಬಟ್ಟೆಯನ್ನು ಅಜ್ಜಿಯೇ ನೇಯ್ದು ಕೊಡುತ್ತಾಳಂತೆ. ಸವಿತಾ ಕಣ್ಣರಳಿಸಿ ಕೇಳಿದಳು. ನನಗೆ ಮಾತ್ರ, ಪೆಟ್ಟಿಗೆ ಕಡಿಮೆ ಬಿದ್ದಿರಬೇಕು, ಬಟ್ಟೆಯ ಕಥೆ ಹೇಳಿ ಸಾಗಹಾಕುತ್ತಿದ್ದಾರೆ ಅನ್ನಿಸಿತು.

ಮನೆಗೆ ಬಂದ ಮರುದಿನವೇ ಸವಿತಾ ನನ್ನ ಟ್ರಂಕಿನಿಂದ ಅವ್ವನ ಹಳೆಯ ಇಳಕಲ್ ಸೀರೆ ತೆಗೆದು, ಕೇಳದೆ ಎರಡು ತುಂಡು ಮಾಡಿದಳು.

"ಅವ್ವನ ಸೀರಿ ಹರದೆಲ್ಲಾ" ಎಂದೆ.

"ಅವ್ವ ನಮ್ಮಿಬ್ಬರನ್ನೂ ಹಿಂತಾದ್ರಾಗ ಬೆನ್ನಿಗೆ ಕಟ್ಟಿಕೊಂಡs ಕಳೆ ತಗೀತಿದ್ಲು, ಅಕ್ಕಾ. ನಿನಗ ನೆನಪಿಲ್ಲ?"

ನೆನಪಿತ್ತು. ನಮ್ಮ ತವರೂರು ಸುಳಕೂಡದ ಹೊಲ, ಅವ್ವನ ಬೆನ್ನ ಮೇಲೆ ಸವಿತಾಳ ಸಣ್ಣ ತಲೆ, ಸೀರೆಯ ತುದಿ ಹಿಡಿದು ಹಿಂದೆ ಹಿಂದೆ ನಡೆಯುತ್ತಿದ್ದ ನಾನು. ನೆನಪಿದ್ದುದರಿಂದಲೇ ನನಗೆ ನಾಚಿಕೆ. "ಆವಾಗ ತೊಟ್ಟಲಕ್ಕ ಗತಿ ಇರಲಿಲ್ಲ. ಈಗ ಐತಿ" ಎಂದೆ. ತವರಿನ ಕಡೆಯಿಂದ ಕೊಡಬೇಕಾದ ತೊಟ್ಟಿಲನ್ನು ನಾನು ಹೊಸದಾಗಿ ತಂದು ತೂಗುಹಾಕಿದ್ದೆ. ಅದು ಖಾಲಿಯಾಗಿಯೇ ತೂಗುತ್ತಿತ್ತು.

ಒಂದು ವಾರಕ್ಕೆ ಅವಳ ಅತ್ತೆ ಗಡಹಿಂಗ್ಲಜದಿಂದ ಬಂದರು. ಸವಿತಾ ಸೆರಗು ಸರಿಸಿ ಕೂಸಿನ ಟೊಪ್ಪಿಗೆಯನ್ನಷ್ಟೇ ತೋರಿಸಿದಳು.

"ಟೊಪಿಗಿ ನೋಡಾಕ ಬಸ್ಸ ಹತ್ತಿ ಬಂದೇನೇನ ನಾ?" ಎಂದು ಅತ್ತೆ ನಕ್ಕರು. "ಒಳ್ಳೆ ಕಬ್ಬ ಕಡಿಯಾಕ ಬಂದವರಗತೆ ಕಟ್ಟಿಕೊಂಡು ಕುಂತೀಯಲ್ಲ."

"ಬಿಚ್ಚಿದ್ರ ಥಂಡಿ ಹತ್ತತೈತ್ರಿ ಅತ್ತಿ. ಡಾಕ್ಟರ್ ಬ್ಯಾಡ ಅಂದಾರ."

ಹೊರಡುವಾಗ ಅವರು ನನ್ನನ್ನು ಬಾಗಿಲ ಹೊರಗೆ ಕರೆದು ದನಿ ತಗ್ಗಿಸಿದರು. "ಸುನಂದಾ, ಕೂಸಿನ ಕೈಕಾಲು ನೀವರ ನೋಡೀರೇನ? ಏನರ ಊನ ಐತೇನ? ನಿಮ್ಮ ತಂಗಿ ಮುಚ್ಚಿಡಾಕತ್ತಾಳ ಅನಸ್ತೈತಿ ನನಗ."

ನಾನು ನೋಡಿರಲಿಲ್ಲ. ಆ ಮಾತು ನನ್ನ ತಲೆಯೊಳಗೆ ಹೊಕ್ಕಿತು. ಅವಳು ಕೂಸಿನ ಬಟ್ಟೆ ಬದಲಿಸುವಾಗ ನನ್ನ ಕಡೆ ಬೆನ್ನು ಮಾಡುತ್ತಾಳಲ್ಲ, ಯಾಕೆ? ಕಾಲುಚೀಲ ತೆಗೆಯುವುದೇ ಇಲ್ಲವಲ್ಲ, ಯಾಕೆ? ಎರಡು ದಿನ ಅವಳನ್ನು ಕಳ್ಳಿಯನ್ನು ಕಾಯುವ ಹಾಗೆ ಕಾದೆ.

ಮೂರನೆಯ ದಿನ ಮಧ್ಯಾಹ್ನ ಸವಿತಾ ನೀರೆರೆದುಕೊಂಡು ಮಲಗಬೇಕಿತ್ತು. ರಾತ್ರಿಯೆಲ್ಲ ಕೂತೇ ಕಳೆದಿದ್ದಳು. ಅವಳೇ ಕೂಸನ್ನು ನನ್ನ ಎದೆಗೆ ಒರಗಿಸಿ, ಸೀರೆ ಸುತ್ತಿ, ಬೆನ್ನ ಹಿಂದೆ ಗಂಟು ಹಾಕಿದಳು.

"ಎರಡ ತಾಸು, ಅಕ್ಕಾ. ಬಿಚ್ಚಬ್ಯಾಡ ಮತ್ತ."

"ನಾ ಏನ ಸಣ್ಣಾಕಿ ಏನ? ಹೋಗಿ ಮಲಕೊ."

ಬಿಸಿನೀರು ಎರೆದುಕೊಂಡು ಬಂದವಳು ಹಾಸಿಗೆಗೆ ಬಿದ್ದದ್ದೇ ತಡ, ಸತ್ತವಳ ಹಾಗೆ ಮಲಗಿದಳು. ನಾನು ಗಂಟು ಬಿಚ್ಚಿದೆ. ಕೂಸನ್ನು ಕಿಟಕಿಯ ಬೆಳಕಿಗೆ ಒಯ್ದು ಟೊಪ್ಪಿಗೆ, ಕಾಲುಚೀಲ, ಲಂಗೋಟಿ ಎಲ್ಲ ತೆಗೆದೆ. ಬೆರಳು ಎಣಿಸಿದೆ. ಬೆನ್ನು ತಿರುಗಿಸಿ ನೋಡಿದೆ, ಕಿವಿ ನೋಡಿದೆ, ಬಾಯಿ ತೆರೆದು ನೋಡಿದೆ. ಏನೂ ಊನ ಇರಲಿಲ್ಲ. ಅವಳು ಮುಚ್ಚಿಟ್ಟದ್ದು ಬಿಸಿಯನ್ನು ಮಾತ್ರ.

ಅಷ್ಟರಲ್ಲಿ ಓಣಿಯಲ್ಲಿ "ಪಾಣೀ ಆಲಂ" ಎಂದು ಕೂಗು ಬಿತ್ತು. ನಮ್ಮಲ್ಲಿ ನಳದ ನೀರು ನಾಲ್ಕೈದು ದಿನಕ್ಕೊಮ್ಮೆ ಬರುತ್ತದೆ. ಬಂದಾಗ ಕೊಡ ಹಿಡಿಯದಿದ್ದರೆ ಮತ್ತೆ ಗತಿಯಿಲ್ಲ. ಕೂಸಿಗೆ ಒಂದು ಅರಿವೆ ಸುತ್ತಿ ತೊಟ್ಟಿಲಲ್ಲಿ ಹಾಕಿ ಕೆಳಗೆ ಓಡಿದೆ. ತೊಟ್ಟಿಲು ಕಡೆಗೂ ತುಂಬಿತು ಎಂಬ ಸಮಾಧಾನವೂ ಇತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ.

ಪಾಳಿ ಬರಲು, ತುಂಬಲು, ಹೊತ್ತು ತರಲು ಒಂದು ತಾಸು ಮೀರಿತು. ಬಂದು ನೋಡಿದರೆ ಕೂಸು ಅಳುತ್ತಿರಲಿಲ್ಲ. ಅಂಗಾಲು ಮುಟ್ಟಿದೆ. ಕೊಡದ ಹಾಗೆ ತಣ್ಣಗಿತ್ತು. ತುಟಿ ನೀಲಿಯಾಗಿತ್ತು. ಉಸಿರು ಇದೆಯೋ ಇಲ್ಲವೋ ಎಂಬಂತಿತ್ತು.

ಆಗ ನಾನು ಕೂಗಿ ಸವಿತಾಳನ್ನು ಎಬ್ಬಿಸಬೇಕಿತ್ತು. ಅದರ ಬದಲು ಟೊಪ್ಪಿಗೆ ಹಾಕಿದೆ, ಕಾಲುಚೀಲ ಹಾಕಿದೆ. ಮಲಗಿದ್ದ ಅವಳ ಎದೆಯ ಮೇಲೆ ಕೂಸನ್ನು ಇಟ್ಟು ಸೀರೆ ಸಡಿಲವಾಗಿ ಸುತ್ತಿ, ಭುಜ ಹಿಡಿದು ಅಲುಗಾಡಿಸಿದೆ. "ಸವಿ, ಏಳ. ಕೂಸು ನೋಡು. ನಿನ್ನ ಗಂಟು ಸಡಲಾಗೇತಿ."

"ಕೂಸು ನಿನ್ನ ಕಡೆ ಇತ್ತಲ್ಲಾ?"

"ಆಗಲೇ ನೀನs ಇಸಕೊಂಡಿ. ನಿದ್ದಿಗಣ್ಣಾಗ ಕಟ್ಟಿಕೊಂಡಿ, ನೆನಪಿಲ್ಲೇನ?"

ಅವಳು ನನ್ನ ಮುಖವನ್ನೇ ನೋಡಿದಳು. ನಂಬಿದಳು. ಅಕ್ಕ ಸುಳ್ಳು ಹೇಳುತ್ತಾಳೆ ಎಂಬ ಸಂಶಯ ಅವಳಿಗೆ ಬರಲೇ ಇಲ್ಲ.

ಪಕ್ಕದ ಮನೆಯವರ ಗಾಡಿಯಲ್ಲಿ ಕೊಲ್ಹಾಪುರಕ್ಕೆ ಓಡಿದೆವು. ದಾರಿಯುದ್ದಕ್ಕೂ ಅವಳು ಕೂಸನ್ನು ಎದೆಗೆ ಒತ್ತಿಕೊಂಡು ಬಾಯಿಯಿಂದ ಬಿಸಿ ಉಸಿರು ಬಿಡುತ್ತಿದ್ದಳು. ಎಂಟು ದಿನ ಮತ್ತೆ ಪೆಟ್ಟಿಗೆ. ಕೂಸು ಉಳಿಯಿತು. ಆದರೆ ಡಾಕ್ಟರು ಕೇಳಿದಾಗ ಸವಿತಾ, "ನಾನs ಸರಿಯಾಗಿ ಕಟ್ಟಿಕೊಂಡಿರಲಿಲ್ರಿ" ಎಂದಳು. ಅತ್ತೆ ಎಲ್ಲರೆದುರು, "ಹಾಳ ಸೀರಿ ಕಟ್ಟಿ ಕೂಸಿನ ಜೀವಾ ತಗೀತಿದ್ದಿ" ಎಂದರು. ನಾನು ಪಕ್ಕದಲ್ಲೇ ನಿಂತು ನೆಲ ನೋಡುತ್ತಿದ್ದೆ.

ಆ ಕೂಸು ಗೌರಿ ಈಗ ಅಂಗನವಾಡಿಗೆ ಹೋಗುತ್ತಾಳೆ, ನನ್ನನ್ನು ದೊಡ್ಡವ್ವಾ ಎಂದು ಕೂಗುತ್ತಾಳೆ. ಅವಳು ಓಡಿ ಬಂದು ಅಪ್ಪಿಕೊಂಡಾಗಲೆಲ್ಲ ನನ್ನ ಕೈ ತಾನಾಗಿ ಅವಳ ಅಂಗಾಲಿಗೆ ಹೋಗುತ್ತದೆ, ಬೆಚ್ಚಗಿದೆಯೇ ಎಂದು.

ಈ ವರ್ಷ ಸವಿತಾಳಿಗೆ ಎರಡನೆಯ ಹೆರಿಗೆ ಗಡಹಿಂಗ್ಲಜದ ದವಾಖಾನೆಯಲ್ಲೇ ಆಯಿತು. ಗಂಡು. ಇದೂ ತೂಕ ಕಡಿಮೆ. ನಾನು ಗಂಜಿ ಒಯ್ದಾಗ ನರ್ಸ್‌ಬಾಯಿ ಬಟ್ಟೆ ಹಿಡಿದು ನಿಂತಿದ್ದಳು. ಸವಿತಾ ಗೋಡೆಗೆ ಸರಿದು ಕೂತಿದ್ದಳು.

"ನನಗ ಬ್ಯಾಡ್ರಿ. ನನ್ನ ಕೈ ಸರಿ ಇಲ್ಲ. ಮೊದಲನೇದು ನನ್ನ ಎದಿಮ್ಯಾಲs ತಣ್ಣಗಾಗಿತ್ತು. ಪೆಟಗಿಯಾಗs ಇಡ್ರಿ."

ಅತ್ತೆ ಪಕ್ಕದಲ್ಲೇ ಕಿತ್ತಳೆ ಸುಲಿಯುತ್ತಿದ್ದರು. ನಾನು ಗಂಜಿಯ ಡಬ್ಬಿ ಕೆಳಗಿಟ್ಟೆ. ಬಿಚ್ಚಿ ನೋಡಿದ್ದು, ತೊಟ್ಟಿಲು, ನೀರು, ಸುಳ್ಳು ಎಲ್ಲ ಅವರೆದುರೇ ಹೇಳಿಬಿಟ್ಟೆ. ಅತ್ತೆಯ ಕೈ ನಿಂತಿತು. ಆ ಸಂಶಯ ನನ್ನ ತಲೆಯಲ್ಲಿ ಬಿತ್ತಿದ್ದ ಅವರೂ ತಲೆ ತಗ್ಗಿಸಿದರು.

ಸವಿತಾ, "ಐದ ವರ್ಷ, ಅಕ್ಕಾ" ಎಂದಳು. ಅತ್ತಳು. ಕೂಸಿಗೆ ಕೈ ಚಾಚಿದಳು. ನರ್ಸ್‌ಬಾಯಿ ಅದನ್ನು ಅವಳ ಎದೆಗೆ ಒರಗಿಸಿದಳು. ಸವಿತಾ ಬಟ್ಟೆಯ ಎರಡೂ ತುದಿಗಳನ್ನು ಹಿಂದಕ್ಕೆ ಚಾಚಿ, ನನ್ನ ಕಡೆ ತಿರುಗದೆ, "ಬಿಗಿಯಾಗಿ ಕಟ್ಟು" ಎಂದಳು.

ಬೆನ್ನ ಹಿಂದೆ ಬಿಗಿಯಾಗಿ ಗಂಟು ಹಾಕಿದೆ. ಅವಳ ಬೆನ್ನಿಗೆ ಹಣೆ ಹಚ್ಚಿ ಹೇಳಿದೆ:

"ತಪ್ಪು ನಂದು, ಸವಿ. ಆವತ್ತ ನಿನ್ನ ಗಂಟು ಸಡಲಾಗಿರಲಿಲ್ಲ. ಬಿಚ್ಚಿದಾಕಿ ನಾನು. ನನ್ನ ಕ್ಷಮಾ ಮಾಡವ್ವಾ."