ಇನ್, ಆನ್, ಆಟ್ ಮತ್ತು ಒಂದು ಕೂ

ಮಾದಾಪುರದ ಹತ್ತಿರದ ಹೋಮ್‌ಸ್ಟೇಯಲ್ಲಿ ಅತಿಥಿಗಳ ಇಂಗ್ಲಿಷ್ ಮೆಸೇಜುಗಳಿಗೆ ಉತ್ತರ ಕೊಡುವುದು ನನ್ನ ಕೆಲಸ. ಒಂದು ಸಂಜೆ ವಾಕಿಂಗ್ ಹೋಗಿದ್ದ ಫ್ರಾನ್ಸಿನ ಹೆಂಗಸೊಬ್ಬರು ಕಾಫಿ ತೋಟದೊಳಗೆ ದಾರಿ ತಪ್ಪಿ, ‘ನೀವೆಲ್ಲಿದ್ದೀರಿ?’ ಎಂದು ಮೆಸೇಜ್ ಹಾಕಿದರು. ಕಾಡಾನೆ ತೋಟಕ್ಕೆ ಇಳಿಯುವ ಹೊತ್ತು ಬೇರೆ. ನಾವು ಗೇಟಿನ ಹತ್ತಿರ ಇದ್ದೇವೆ ಎಂದು ಬರೆಯಬೇಕಿತ್ತು. ಗೇಟಿಗೆ ಮುಂಚೆ ‘ಇನ್’ ಹಾಕಿದೆ, ಅಳಿಸಿದೆ. ‘ಆನ್’ ಹಾಕಿದರೆ ಗೇಟು ಹತ್ತಿ ಕೂತ ಹಾಗಾಯಿತು, ಅದನ್ನೂ ಅಳಿಸಿದೆ. ಆ ಕಡೆಯಿಂದಲೂ ‘ಟೈಪಿಂಗ್’ ಎಂದು ಬರುವುದು, ನಿಲ್ಲುವುದು.

“ಕಳಿಸಿದ್ಯಾ ಮಾರಾಯ?” ಎಂದರು ಮನೆಯ ಯಜಮಾನಿ.

“‘ಆಟ್’ ಬರಬೇಕೋ ಏನೋ ಆಂಟಿ, ಒಂದ್ನಿಮಿಷ.”

ಆಂಟಿ ಕಾಯಲಿಲ್ಲ. ತೋಟದಲ್ಲಿ ಕೆಲಸದವರನ್ನು ಕರೆಯುವ ಹಾಗೆ ಬಾಯಿಗೆ ಕೈ ಹಿಡಿದು ‘ಕೂ...’ ಎಂದು ಕೂಗಿದರು. ಬೇಲಿಯ ಆಚೆಯಿಂದಲೇ ಇನ್ನೊಂದು ‘ಕೂ’ ಬಂತು. ಅದರ ಹಿಂದೆಯೇ ಕಾಫಿ ಗಿಡ ಸರಿಸಿಕೊಂಡು ಆ ಹೆಂಗಸೂ ಬಂದರು. ಮರದ ಪಕ್ಕ ಇದ್ದೇನೆ ಎನ್ನಲು ಯಾವ ಪದ ಹಾಕುವುದೆಂದು ತಿಳಿಯದೆ ಅವರೂ ಅಷ್ಟು ಹೊತ್ತು ಬರೆದು ಅಳಿಸುತ್ತಿದ್ದರಂತೆ!

ಒಬ್ಬರ ಫೋನು ಇನ್ನೊಬ್ಬರಿಗೆ ತೋರಿಸಿಕೊಂಡು ಬಿದ್ದು ಬಿದ್ದು ನಕ್ಕೆವು. ಆಂಟಿ ಕಾಫಿ ತಂದಿಟ್ಟು, “ನೀವಿಬ್ರು ಬರೆದು ಮುಗಿಸೋಷ್ಟರಲ್ಲಿ ಆನೆ ಬಂದು ಹಲಸಿನಹಣ್ಣು ತಿಂದು ವಾಪಸ್ ಹೋಗ್ತಿತ್ತು” ಎಂದರು.